ಹೋಡಿ ಕಾಕಾನ ಕೈ

ಸೊಲ್ಲಾಪುರದ ಹುಡುಗರು ದೋಣಿ ಸ್ಪರ್ಧೆಗೆ ಹೊರಟಿದ್ದೇವೆ ಎಂದರೆ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ನಿಮ್ಮೂರಲ್ಲಿ ನೀರೆಲ್ಲಿದೆಯಪ್ಪಾ ಎಂದು ಕೇಳುತ್ತಿದ್ದರು. ಅವರದೇನೂ ತಪ್ಪಿರಲಿಲ್ಲ. ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ಊರು ನಮ್ಮದು. ಗಿರಣಿ, ಮಗ್ಗ, ಚಾದರ, ಟವೆಲ್ಲು, ಬೀಡಿ, ಇಷ್ಟೇ ನಮಗೆ ಗೊತ್ತಿದ್ದದ್ದು. ಅಂಥ ಊರಿನಲ್ಲಿ ಗಿರಣಿಯ ಬಡಿಗರೊಬ್ಬರು ಏಳೆಂಟು ಹುಡುಗರನ್ನು ಕಟ್ಟಿಕೊಂಡು ತುಳಜಾಪುರ ರಸ್ತೆಯ ಹಿಪ್ಪರಗಾ ತಲಾವಿನ ದಂಡೆಯಲ್ಲಿ ನಾಲ್ಕೈದು ವರ್ಷ ಕಯಾಕ್ ಕ್ಲಬ್ಬು ನಡೆಸಿದರು. ಹೋದ ತಿಂಗಳು ಅಕ್ಕಲಕೋಟೆಯಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ತಾವು ಮಾಡಿದ ದೋಣಿಗಳ ಮೇಲೆ ಒಂದಕ್ಕೂ ಅವರು ಹೆಸರು ಹಾಕಿಸಲಿಲ್ಲ; ಈಗ ನಾನು ಹಾಕಿದರೆ ಅವರಿಗೆ ಹಿಡಿಸಲಿಕ್ಕಿಲ್ಲ. ನಾವು ಕಾಕಾ ಅನ್ನುತ್ತಿದ್ದೆವು. ಊರಿನವರು ಹೋಡಿ ಕಾಕಾ ಅನ್ನುತ್ತಿದ್ದರು. ಕಯಾಕ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಮರಾಠಿಯವರ ಹಾಗೆ ಹೋಡಿ ಎಂದೇ ಕರೆಯುತ್ತಿದ್ದರು.

ಆ ಮನುಷ್ಯನಿಗೆ ನನ್ನಿಂದ ಒಂದು ಅನ್ಯಾಯವಾಗಿದೆ. ಅದನ್ನು ಮುಚ್ಚಿಟ್ಟು ಬರೀ ಗುಣಗಾನ ಮಾಡಿದರೆ ಒಂದು ಸುಳ್ಳಿನ ಮೇಲೆ ಇನ್ನೊಂದು ಪೇರಿಸಿದ ಹಾಗಾಗುತ್ತದೆ. ಆದರೆ ಅದಕ್ಕಿಂತ ಮೊದಲು ಅವರು ಹೇಗಿದ್ದರು ಎಂಬುದು ತಿಳಿಯಬೇಕು.

ಕಯಾಕ್ ಎಂದರೆ ಸೌತೆಕಾಯಿಯ ಹಾಗೆ ಉದ್ದ, ಇಕ್ಕಟ್ಟು. ಕಾಲು ಚಾಚಿ ಒಬ್ಬರೇ ಕೂಡಬೇಕು. ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರಿಗೆ ಹಾಕುತ್ತ ಮುಂದೆ ಹೋಗಬೇಕು. ಕಾಕಾ ಅದರಲ್ಲಿ ಒಮ್ಮೆಯೂ ಕೂತವರಲ್ಲ. ಅವರ ತೂಕಕ್ಕೆ ಅದು ತಡೆಯುತ್ತಿರಲಿಲ್ಲ. ಈಜೂ ಬರುತ್ತಿರಲಿಲ್ಲ. ದಂಡೆಯಲ್ಲಿ ಒಂದು ಕರೀ ಛತ್ರಿ ಬಿಚ್ಚಿಕೊಂಡು, ಪಾಯಿಜಾಮಾ ಮೊಣಕಾಲತನಕ ಮಡಚಿ, ಕಲ್ಲಿನ ಮೇಲೆ ಕೂತು ಕೂಗುತ್ತಿದ್ದರು. ಎಣಿಕೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಹೊಗಳಿಕೆ ಯಾವ ಭಾಷೆಯಲ್ಲೂ ಇರಲಿಲ್ಲ. ಬಹಳ ಖುಷಿಯಾದರೆ "ಇವತ್ತ ನೀರಿಗಿ ಸಿಟ್ಟ ಬರಲಿಲ್ಲ" ಅನ್ನುತ್ತಿದ್ದರು. ನೀರು ಎರಚದ ಹಾಗೆ, ಸದ್ದಾಗದ ಹಾಗೆ ಹುಟ್ಟು ಹಾಕಿದ್ದೀ ಎಂದು ಅದರ ಅರ್ಥ. ಆ ಮಾತು ನನಗೆ ಸಿಕ್ಕದ್ದು ಎರಡೇ ಸಲ. ಆ ಎರಡೂ ದಿನ ನಾನು ಮನೆಗೆ ಹೋಗಿ ಅವ್ವನ ಮುಂದೆ ಜಂಬ ಕೊಚ್ಚಿದ್ದು ನೆನಪಿದೆ.

ದೊಡ್ಡ ಯುದ್ಧದ ಕಾಲಕ್ಕೆ ಅವರು ಸೈನ್ಯದಲ್ಲಿ ಬಡಿಗರಾಗಿದ್ದರಂತೆ. ಗೋರಾ ಸಾಹೇಬನೊಬ್ಬ ತನ್ನ ಕಯಾಕನ್ನು ರಿಪೇರಿಗೆ ಕೊಟ್ಟಾಗ ಅದರ ಒಳಗಿನ ಎಲುಬುಗಳ ಅಳತೆಯನ್ನೆಲ್ಲ ಒಂದು ಹುರಿಯಲ್ಲಿ ಗಂಟು ಹಾಕಿ ಹಾಕಿ ತೆಗೆದುಕೊಂಡಿದ್ದರು. ಆ ಹುರಿ ಇಪ್ಪತ್ತೈದು ವರ್ಷ ಅವರ ಪೆಟ್ಟಿಗೆಯಲ್ಲಿತ್ತು. ಕಾಗದದ ಮೇಲೆ ನಕಾಶೆ ಬರೆಯಲು ಅವರಿಗೆ ಬರುತ್ತಿರಲಿಲ್ಲ. ಹುರಿ ಬಿಚ್ಚಿ ಕಟ್ಟಿಗೆಯ ಮೇಲಿಟ್ಟು, ಗಂಟು ಬಂದಲ್ಲಿ ಗುರುತು ಮಾಡಿ, ಸಾಗವಾನಿಯ ಪಟ್ಟಿಗಳಿಂದಲೂ ಬಿದಿರಿನ ಸೀಳುಗಳಿಂದಲೂ ಹಂದರ ಕಟ್ಟುತ್ತಿದ್ದರು. ಹಂದರಕ್ಕೆ ಕ್ಯಾನ್ವಾಸು ಬಿಗಿದು ಹೊಲಿದು, ಮೇಲೆ ಅಗಸಿ ಎಣ್ಣೆಯ ಬಣ್ಣ ಹಚ್ಚಿದರೆ ಹೋಡಿ ಸಿದ್ಧ. ಮುಂಬೈ ಪುಣೆಯ ಕ್ಲಬ್ಬುಗಳಲ್ಲಿ ಹೊರದೇಶದಿಂದ ತರಿಸಿದ ದೋಣಿಗಳಿದ್ದವು. ನಮ್ಮವು ನಾಲ್ಕಕ್ಕೆ ನಾಲ್ಕೂ ಕಾಕಾನ ಕೈಯಿಂದ ಬಂದವು. ಅವುಗಳಿಗೆ ಬೆರಳ ಗಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ಎಲ್ಲಿ ಬಿಗಿ ಸಡಿಲಾಗಿದೆ ಎಂದು ಅವರು ಹೇಳುತ್ತಿದ್ದರು. ಸಂತೆಯಲ್ಲಿ ಕಲ್ಲಂಗಡಿ ಆರಿಸುವವರು ಹಾಗೆ ಮಾಡುತ್ತಾರೆ.

ನಾನು ಬಟ್ಟೆ ಅಂಗಡಿಯ ಹುಡುಗ. ಕಾಲೇಜಿನ ಮೊದಲ ವರ್ಷ ಈಜಿನ ಹುಚ್ಚಿಗೆ ತಲಾವಿಗೆ ಹೋದವನು ಇವರ ಕೈಗೆ ಸಿಕ್ಕೆ. ಕಾಕಾ ನನ್ನನ್ನು ಮೊದಲ ದಿನದಿಂದಲೇ ಸಾವಕಾರ ಎಂದು ಕರೆದರು. "ಸಾವಕಾರ, ನೀ ಹುಟ್ಟ ಹಾಕೂದ ನೋಡಿದ್ರ ಗಜಾ ಹಿಡದ ಬಟ್ಟಿ ಅಳದಂಗ ಕಾಣತೈತಿ" ಎಂದು ಎಲ್ಲರ ಮುಂದೆ ಅಂದಿದ್ದರು. ಮಾತು ನಿಜವೇ ಆಗಿತ್ತು. ನಾನು ಎಂದೂ ಸ್ಪರ್ಧೆ ಗೆಲ್ಲುವ ಪೈಕಿ ಅಲ್ಲ. ಕ್ಲಬ್ಬಿಗೆ ಬೇಕಾದ ಕ್ಯಾನ್ವಾಸು, ಹುರಿ, ಸೂಜಿ ನಮ್ಮ ಅಂಗಡಿಯಿಂದ ಬರುತ್ತಿದ್ದವು, ಹಾಗಾಗಿ ನನಗೊಂದು ಬೆಲೆಯಿತ್ತು ಎಂದು ನಾನು ತಿಳಿದಿದ್ದೆ. ಕಾಕಾ ಹಾಗೆ ತಿಳಿದಿರಲಿಲ್ಲ. ಮೈಗಳ್ಳತನ ಮಾಡಿದರೆ ಉಳಿದವರಿಗೆ ಬಿದ್ದಷ್ಟೇ ಬೈಗುಳ ನನಗೂ ಬೀಳುತ್ತಿತ್ತು.

ಗೆಲ್ಲುವವನು ಬೀರಪ್ಪ. ಮಂಗಳವೇಢೆ ಕಡೆಯ ಸಲಗರ ಬುದ್ರುಕದ ಕುರುಬರ ಮನೆಯವನು, ಸೊಲ್ಲಾಪುರದ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದ. ಕುರಿ ಮೈ ತೊಳೆಯಲು ಬಾವಿಗಿಳಿದು ಈಜು ಕಲಿತವನು. ಮೊದಲ ದಿನ ದೋಣಿಯಿಂದ ಹನ್ನೊಂದು ಸಲ ಉರುಳಿದ. ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ನಗಲಿಲ್ಲ. ಹನ್ನೊಂದು ಸಲವೂ ಒಂದು ಮಾತಾಡದೆ ಮತ್ತೆ ಹತ್ತಿದನಲ್ಲ, ಇವನನ್ನು ನೋಡಿಕೊಳ್ಳಿರಿ ಎಂದರು. ಅದೇ ವರ್ಷದ ಕೊನೆಗೆ ನಮ್ಮಲ್ಲಿ ಯಾರೂ ಅವನ ಹಿಂದಿನ ನೀರನ್ನೂ ಮುಟ್ಟುವಂತಿರಲಿಲ್ಲ.

ದೀಪಾವಳಿ ರಜೆಯಲ್ಲಿ ಹದಿನೈದು ದಿನ ಶಿಬಿರ. ತಲಾವಿನ ದಂಡೆಯಲ್ಲಿ ಪತ್ರಾಸಿನ ತಗಡು ಹೊದಿಸಿದ ಹಳೆಯ ಶೆಡ್ಡಿನಲ್ಲಿ ವಸತಿ. ಕಡಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಬೆಳಕು ಹರಿಯುವಾಗ ಒಡ್ಡಿನ ಮೇಲೆ ಓಟ, ಆಮೇಲೆ ಒಂದು ವಿಚಿತ್ರ ಕಸರತ್ತು. ಗಿರಣಿಯಲ್ಲಿ ನೂಲು ಸುತ್ತುವ ಹಳೆಯ ಉರುಳೆಯೊಂದನ್ನು ಕಾಕಾ ತಂದಿದ್ದರು. ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ನಾವು, ಕೈಯಲ್ಲಿ ಬಿದಿರು. ಉರುಳೆ ಅತ್ತಿತ್ತ ಹೊರಳಿದಂತೆ ಸೊಂಟ ಮಾತ್ರ ಹೊರಳಬೇಕು, ತಲೆ ಅಲುಗಬಾರದು. ನಮ್ಮ ತಲೆಯ ಮೇಲೆ ಅವರು ನೀರು ತುಂಬಿದ ತಂಬಿಗೆ ಇಡುತ್ತಿದ್ದರು.

ಹುಟ್ಟಿನ ತಾಳ ಕಲಿಸಲು ಅವರು ನಮ್ಮನ್ನು ಕರೆದುಕೊಂಡು ಹೋದದ್ದು ಪವರ್‌ಲೂಮಿಗೆ. ಹನ್ನೆರಡು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿ ಒಂದೇ ಮಗ್ಗದ ಸದ್ದು ಹಿಡಿಯಿರಿ ಎಂದರು. ಅರ್ಧ ತಾಸಿನ ಮೇಲೆ ನನಗೆ ತಲೆ ನೋಯತೊಡಗಿತು. ಬೀರಪ್ಪ ಕಣ್ಣು ಮುಚ್ಚಿಕೊಂಡೇ ಎರಡೂ ಭುಜ ಆಡಿಸುತ್ತ ನಿಂತಿದ್ದ, ಕಾಕಾ ಅವನನ್ನು ನೋಡುತ್ತ ನಿಂತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಬೇರೆ ಎಂದೂ ಕಂಡಿಲ್ಲ.

ಬರದ ವರ್ಷ ತಲಾವು ತಳ ಕಂಡಿತು. ಕ್ಲಬ್ಬು ಮುಗಿಯಿತು ಎಂದುಕೊಂಡೆವು. ಕಾಕಾ ದೋಣಿಗಳನ್ನು ಒಣ ಮರಳಿನ ಮೇಲಿಟ್ಟು ನಮ್ಮನ್ನು ಅದರಲ್ಲಿ ಕೂಡಿಸಿ ಗಾಳಿಯಲ್ಲಿ ಹುಟ್ಟು ಹಾಕಿಸಿದರು. ದಿನಾಲೂ ಎರಡು ತಾಸು. ಒಡ್ಡಿನ ಕೆಲಸಕ್ಕೆ ಬಂದ ಹೆಂಗಸರು ಬುಟ್ಟಿ ಕೆಳಗಿಟ್ಟು ನಮ್ಮನ್ನು ನೋಡಿ ನಗುತ್ತಿದ್ದರು. ಒಬ್ಬಾಕೆ, ಪಾಪ, ಯಾರ ಮನೆಯ ಮಕ್ಕಳೋ ಏನೋ, ದೇವರ ಅಂಗಾರ ಹಣೆಗೆ ಹಚ್ಚಿಸಿರಿ ಎಂದು ಕಾಕಾಗೆ ಬುದ್ಧಿ ಹೇಳಿದಳು. ಹಚ್ಚಿಸೋಣಂತ ತಾಯಿ ಎಂದು ಕಾಕಾ ಕೈಮುಗಿದರು.

ಮರುವರ್ಷ ಮಳೆಯಾಯಿತು, ತಲಾವು ತುಂಬಿತು. ಪುಣೆಯ ಆಚೆಯ ಅಣೆಕಟ್ಟಿನ ನೀರಿನಲ್ಲಿ ದೊಡ್ಡ ಸ್ಪರ್ಧೆ ಇದೆ ಎಂದು ಸುದ್ದಿ ಬಂತು. ರೇಲ್ವೆಯ ಆಟಗಾರರನ್ನು ನೋಡಿಕೊಳ್ಳುವ ಸಾಹೇಬರೊಬ್ಬರು ಬೀರಪ್ಪನನ್ನು ಹಿಂದೊಮ್ಮೆ ನೋಡಿ ಮೆಚ್ಚಿದ್ದರು. ಮೊದಲ ಮೂವರಲ್ಲಿ ಬಂದರೆ ನೌಕರಿಗೆ ಅರ್ಜಿ ಕೊಡು, ನಾನು ಮಾತಾಡುತ್ತೇನೆ ಎಂದಿದ್ದರು. ಬೀರಪ್ಪ ಆಗಲೇ ಹೋಟಗಿ ಸ್ಟೇಶನ್ನಿನಲ್ಲಿ ಹಸಿರು ನಿಶಾನೆ ಹಿಡಿದು ನಿಂತ ಹಾಗೆ ಮಾತಾಡುತ್ತಿದ್ದ. ಕಾಕಾ ಅವನಿಗಾಗಿ ಹೊಸ ಹೋಡಿ ಮಾಡಲು ಕೂತರು. ಹಳೆಯವುಗಳಿಗಿಂತ ಹಗುರ, ಮೂಗು ಇನ್ನಷ್ಟು ಚೂಪು. ಕ್ಯಾನ್ವಾಸು ತರುವ ಮತ್ತು ತೊಳೆಯುವ ಕೆಲಸ ನನ್ನದು.

ತೊಳೆಯುವುದೇಕೆ ಎಂದರೆ, ಗಿರಣಿಯಿಂದ ಬಂದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ನೇಯುವಾಗ ನೂಲು ಹರಿಯಬಾರದೆಂದು ಹಾಕಿದ್ದು. ಆ ಗಂಜಿ ಪೂರ್ತಿ ಹೋದರೆ ಮಾತ್ರ ಎಣ್ಣೆಯ ಬಣ್ಣ ನೂಲಿನೊಳಗೆ ಇಳಿಯುತ್ತದೆ. ಇಲ್ಲವಾದರೆ ಗಂಜಿಯ ಮೇಲೆಯೇ ಕೂತಿರುತ್ತದೆ, ನೀರು ಕುಡಿದು ಗಂಜಿ ಉಬ್ಬಿದಾಗ ಬಣ್ಣ ಎದ್ದು ಬರುತ್ತದೆ. ಅದಕ್ಕೇ ಕಾಕಾನ ಕಟ್ಟಳೆ: ರಾತ್ರಿಯೆಲ್ಲ ನೆನೆಹಾಕಬೇಕು, ಬೆಳಿಗ್ಗೆ ತುಳಿದು ತೊಳೆಯಬೇಕು, ಒಣಗಿಸಬೇಕು, ಹೀಗೆ ಮೂರು ಸಲ. ಮೂರು ದಿನದ ಕೆಲಸ. ಆಮೇಲೆ ಅವರು ಬಟ್ಟೆಯ ಒಂದು ಮೂಲೆಯನ್ನು ಬಾಯಿಗೆ ಹಾಕಿ ಅಗಿದು ನೋಡುತ್ತಿದ್ದರು. ಗಂಜಿಯ ರುಚಿ ಒಂದಿಷ್ಟು ಉಳಿದಿದ್ದರೂ ನಾಲ್ಕನೆಯ ಸಲ ತೊಳೆಸುತ್ತಿದ್ದರು.

ನಾನು ಒಂದು ಸಲ ತೊಳೆದೆ. ಒಣಗಿದ ಮೇಲೆ ನೋಡಿದರೆ ನನ್ನ ಹೊಟ್ಟೆ ಉರಿಯಿತು. ಅಂಗಡಿಯಲ್ಲಿ ಇದ್ದದ್ದರಲ್ಲೇ ಒಳ್ಳೆಯ ಥಾನು ಅದು. ಆ ಗರಿಗರಿ, ಆ ಹೊಳಪು, ಅರ್ಧಕ್ಕರ್ಧ ಹೋಗಿತ್ತು. ಹತ್ತು ವರ್ಷದವನಿದ್ದಾಗಿನಿಂದ ಅಪ್ಪನ ಪಕ್ಕದಲ್ಲಿ ಗಾದಿಯ ಮೇಲೆ ಕೂತವನು ನಾನು. ಗಿರಾಕಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡುವಾಗ ಅವನನ್ನು ಗೆಲ್ಲುವುದು ಗಂಜಿಯೇ ಎಂದು ಕಲಿತವನು. ಇನ್ನೆರಡು ಸಲ ತೊಳೆದರೆ ಇದು ಚಿಂದಿಯಾಗುತ್ತದೆ, ಮುದುಕನಿಗೆ ಬಡಿಗತನ ಗೊತ್ತು, ಬಟ್ಟೆ ಏನು ಗೊತ್ತು ಎನ್ನಿಸಿತು. ಜೊತೆಗೆ ಅಕ್ಕಲಕೋಟೆಯಲ್ಲಿ ಸೋದರಮಾವನ ಮಗಳ ಮದುವೆ, ಗೆಳೆಯರೆಲ್ಲ ಹೊರಟಿದ್ದರು. ಬಟ್ಟೆಯನ್ನು ಮಡಚಿಟ್ಟು ನಾನೂ ಹೋದೆ.

ಮೂರು ದಿನ ಬಿಟ್ಟು ಥಾನನ್ನು ಹೆಗಲ ಮೇಲೆ ಹೊತ್ತು ಕಾಕಾನ ಮನೆಗೆ ಹೋದೆ. ಅವರು ಅಂಗಳದಲ್ಲಿ ಹಂದರದ ಮುಂದೆ ಕೂತಿದ್ದರು. ದಿನ ಕಡಿಮೆ ಉಳಿದಿದ್ದವು, ಗಡಿಬಿಡಿಯಲ್ಲಿದ್ದರು.

"ತೊಳದಿಯೇನ ಸಾವಕಾರ? ಮೂರ ಸಲ?"

"ಹೂನ್ರಿ ಕಾಕಾ. ಮೂರ ಸಲ."

ಅವರು ಬಟ್ಟೆಯ ಮೂಲೆಯನ್ನು ಕೈಗೆತ್ತಿಕೊಂಡರು, ಬಾಯಿಯ ಹತ್ತಿರ ತಂದರು. ಆಗ ನನ್ನ ಮುಖ ನೋಡಿದರು, ಏನು ಕಂಡರೋ, ಮೂಲೆಯನ್ನು ಕೆಳಗೆ ಬಿಟ್ಟರು.

"ನೀ ಅಂದಿ ಅಂದ್ರ ಆತು" ಎಂದರು.

ಆ ಗಳಿಗೆಗೆ ಒಂದು ಮಾತು ಸಾಕಿತ್ತು. ಇನ್ನೆರಡು ದಿನ ಹೋಗುತ್ತಿತ್ತು, ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೇ. ನಾನು ಸಮಾಧಾನದ ಉಸಿರು ಬಿಟ್ಟೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಹೋಡಿ ಚೆಂದಾಗಿ ಬಂತು. ಅಷ್ಟು ಚೆಂದದ ಹೋಡಿಯನ್ನು ಅವರು ಮೊದಲು ಮಾಡಿರಲಿಲ್ಲ. ಬಿಳಿ ಮೈ, ಅಂಚಿಗೆ ಹಸಿರು ಗೆರೆ. ಹಿಪ್ಪರಗಾ ತಲಾವಿನಲ್ಲಿ ಎರಡು ಸಲ ಸ್ವಲ್ಪ ಹೊತ್ತು ಇಳಿಸಿ ನೋಡಿದೆವು, ಏನೂ ಆಗಲಿಲ್ಲ. ನನ್ನ ಲೆಕ್ಕವೇ ಸರಿ ಎಂದು ಒಳಗೊಳಗೆ ಬೀಗಿದೆ. ಚಾದರದ ಗಂಟು ಹೇರಿಕೊಂಡು ಪುಣೆಗೆ ಹೊರಟ ಟ್ರಕ್ಕಿನಲ್ಲಿ ಹೋಡಿಯನ್ನು ಗಂಟುಗಳ ಮೇಲೆ ಮಲಗಿಸಿದೆವು. ಡ್ರೈವರನ ಪಕ್ಕದಲ್ಲಿ ಕೂಡಿರಿ ಎಂದು ಎಷ್ಟು ಹೇಳಿದರೂ ಕಾಕಾ ಕೇಳಲಿಲ್ಲ. ದಾರಿಯುದ್ದಕ್ಕೂ ಹಿಂದೆ ಕೂತು ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಬಂದರು.

ಬೆಳಗಿನ ಸುತ್ತಿನಲ್ಲಿ ಬೀರಪ್ಪ ಎರಡನೆಯವನಾಗಿ ಬಂದ. ಪುಣೆಯವರು ಬಂದು ಹೋಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಯಾವ ದೇಶದ್ದು ಎಂದು ಒಬ್ಬ ಇಂಗ್ಲಿಷಿನಲ್ಲಿ ಕೇಳಿದ. ಕಾಕಾ ತಮ್ಮ ಎರಡೂ ಅಂಗೈ ಅವನ ಮುಂದೆ ಚಾಚಿ ತೋರಿಸಿದರು. ಮಧ್ಯಾಹ್ನದ ತನಕ ಹೋಡಿ ದಂಡೆಯಲ್ಲಿ ಬಿಸಿಲಿಗೆ ಬಿದ್ದಿತ್ತು.

ಅಂತಿಮ ಸ್ಪರ್ಧೆ ಒಂದು ಸಾವಿರ ಮೀಟರಿನದು, ಎಂಟು ದೋಣಿ. ಅರ್ಧ ದಾರಿಗೆ ಬೀರಪ್ಪ ಮೂರನೆಯವನಿದ್ದ, ಎರಡನೆಯವನ ಬಾಲ ಹಿಡಿದಿದ್ದ. ಮಗ್ಗದ ತಾಳ ತಪ್ಪಿರಲಿಲ್ಲ. ಕಾಕಾ ಛತ್ರಿ ಮಡಚಿ ಎದ್ದು ನಿಂತರು. ಆಗಲೇ ನನಗೆ ಕಂಡಿತು. ಹೋಡಿಯ ಹಿಂದೆ ನೀರಿನ ಮೇಲೆ ಬಿಳಿ ಬಿಳಿ ತುಣುಕು ತೇಲುತ್ತಿದ್ದವು, ಹಾಲಿನ ಕೆನೆ ಹರಿದ ಹಾಗೆ. ಬಣ್ಣ ಪದರು ಪದರಾಗಿ ಏಳುತ್ತಿತ್ತು. ನೀರು ಒಳಗೆ ಸೋರಿ ಹೋಡಿಯ ಮೂಗು ತಗ್ಗಿತು. ಒಬ್ಬೊಬ್ಬರಾಗಿ ಅವನನ್ನು ದಾಟಿದರು. ಬೀರಪ್ಪ ಹುಟ್ಟು ಬಿಡಲಿಲ್ಲ. ಕೊನೆಯವನಾಗಿ ಗೆರೆ ದಾಟಿದಾಗ ಅವನು ಸೊಂಟದವರೆಗೆ ನೀರಲ್ಲಿ ಕೂತಿದ್ದ.

ಈಜು ಬಾರದ ಕಾಕಾ ಎದೆಮಟ್ಟ ನೀರಿಗೆ ಇಳಿದು ಹೋಗಿ ಹೋಡಿಯ ಮೂಗು ಹಿಡಿದು ದಂಡೆಗೆ ಎಳೆದು ತಂದರು. ಎದ್ದ ಬಣ್ಣದ ಒಂದು ಚೂರನ್ನು ಅಂಗೈ ಮೇಲಿಟ್ಟು ನೋಡಿದರು. ರೇಲ್ವೆಯ ಸಾಹೇಬರೂ ಪುಣೆಯ ಹುಡುಗರೂ ಸುತ್ತ ನಿಂತಿದ್ದರು. ಮೊದಲು ಮರಾಠಿಯಲ್ಲಿ ಸಾಹೇಬರಿಗೆ, ಹುಡುಗ ಒಳ್ಳೆಯವ, ಕೆಟ್ಟದ್ದು ನನ್ನ ಕೆಲಸ ಎಂದು ಹೇಳಿದರು. ಸಾಹೇಬರು ತಲೆದೂಗಿ ಹೋದರು. ಆಮೇಲೆ ಬೀರಪ್ಪನ ಕಡೆ ತಿರುಗಿ, ಮಗನ ವಯಸ್ಸಿನವನಿಗೆ ಕೈಮುಗಿದರು.

"ನಿಂದೇನೂ ತಪ್ಪಿಲ್ಲೋ ತಮ್ಮಾ. ನನ್ನ ಕೈ ಕೆಟ್ಟೈತಿ."

ನಾನು ಎರಡು ಮಾರು ದೂರದಲ್ಲಿ ಬೀರಪ್ಪನ ಒದ್ದೆ ಹುಟ್ಟು ಹಿಡಿದು ನಿಂತಿದ್ದೆ.

ತಿರುಗಿ ಬರುವಾಗ ಟ್ರಕ್ಕಿನಲ್ಲಿ ಕಾಕಾ ತಾವಾಗಿಯೇ ಕಾರಣ ಹೇಳಿದರು. ಬಣ್ಣದ ಎರಡನೆಯ ಕೈ ಒಂದು ದಿನ ಮೊದಲೇ ಹಚ್ಚಿಬಿಟ್ಟೆ, ಮೊದಲನೆಯದು ಒಣಗುವ ತನಕ ತಡೆಯಲಿಲ್ಲ, ಇಷ್ಟು ವರ್ಷದ ಕೈಗೆ ಇದು ತಿಳಿಯಬಾರದೇ ಎಂದರು. ಅವರು ಆತುರ ಮಾಡಿದ್ದು ನಿಜವೇ ಇತ್ತು, ಹಾಗಾಗಿ ಬೇರೆ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ. ಬಟ್ಟೆಯನ್ನು ಸಂಶಯಿಸಿದ್ದರೆ ನನ್ನನ್ನು ಸಂಶಯಿಸಬೇಕಾಗುತ್ತಿತ್ತು. ನಾನು ಊರು ಮುಟ್ಟಿದ ಮೇಲೆ ಹೇಳೋಣ ಎಂದುಕೊಂಡೆ. ಊರು ಮುಟ್ಟಿದ ಮೇಲೆ ನಾಳೆ ಎಂದುಕೊಂಡೆ.

ಅವರ ಕೈ ಕೆಟ್ಟಿರಲಿಲ್ಲ ಎಂದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆ ಹೋಡಿಯನ್ನು ಶೆಡ್ಡಿನಲ್ಲಿ ಬೋರಲು ಹಾಕಿದವರು ಮತ್ತೆ ಮುಟ್ಟಲಿಲ್ಲ. ಪುಣೆಯ ಕ್ಲಬ್ಬಿನವನೊಬ್ಬ, ಬಣ್ಣ ಹೋದರೇನಾಯಿತು, ಆಕಾರ ಅಷ್ಟು ಚೆನ್ನಾಗಿದೆ, ನಮಗೆ ಎರಡು ಮಾಡಿಕೊಡಿ ಎಂದು ಕಾಗದ ಬರೆದ. ಆಗುವುದಿಲ್ಲ ಎಂದು ನನ್ನ ಕೈಯಿಂದಲೇ ಉತ್ತರ ಬರೆಸಿದರು. ನಾನು ಅವರು ಹೇಳಿದ ಹಾಗೆಯೇ ಬರೆದೆ, ಅಂಚೆಗೂ ಹಾಕಿದೆ. ಹಳೆಯ ದೋಣಿಗೆ ಒಂದು ತೇಪೆ ಬೇಕಾದರೂ ಬಜಾರದ ಬಡಿಗನ ಹತ್ತಿರ ಒಯ್ಯಿರಿ ಅನ್ನುತ್ತಿದ್ದರು. ಕೆಲವು ತಿಂಗಳು ದಂಡೆಗೆ ಬಂದು ಕೂತರು, ಆದರೆ ಕೂಗುತ್ತಿರಲಿಲ್ಲ. ಬೀರಪ್ಪ ಆ ವರ್ಷವೇ ಓದು ಬಿಟ್ಟು ಊರಿಗೆ ಹೋಗಿ ಕುರಿ ಹಿಂದೆ ನಿಂತ. ಕ್ಲಬ್ಬು ಮುಚ್ಚಿತು ಎಂದು ಯಾರೂ ಹೇಳಲಿಲ್ಲ. ಒಬ್ಬೊಬ್ಬರೇ ಬರುವುದು ನಿಂತಿತು. ಗಿರಣಿಯಿಂದ ನಿವೃತ್ತರಾದ ದಿನ ಕಾಕಾ ತಮ್ಮ ಉಳಿ, ಕರಗಸ, ರಂಧಾ ಎಲ್ಲವನ್ನೂ ಜೊತೆಯ ಬಡಿಗನೊಬ್ಬನಿಗೆ ಕೊಟ್ಟು ಅಕ್ಕಲಕೋಟೆಯಲ್ಲಿದ್ದ ಮಗಳ ಮನೆಗೆ ಹೋದರು.

ಐದು ವರ್ಷದ ಮೇಲೆ, ಹೊಸದಾಗಿ ಮದುವೆಯಾದ ನಾನು ಹೆಂಡತಿಯನ್ನು ಕರೆದುಕೊಂಡು ದರ್ಶನಕ್ಕೆಂದು ಅಕ್ಕಲಕೋಟೆಗೆ ಹೋದೆ. ಗುಡಿಯ ಓಣಿಯಲ್ಲಿ ಚಪ್ಪಲಿ ಕಾಯುವ ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಸೊರಗಿದ್ದರು. ಭಕ್ತರ ಚಪ್ಪಲಿ ತೆಗೆದುಕೊಂಡು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ನನ್ನ ಗುರುತು ಹಿಡಿಯುವ ಮೊದಲೇ ನನ್ನ ಚಪ್ಪಲಿ ತಿರುವಿ ಹಾಕಿ ಹಿಮ್ಮಡಿ ಸವೆದದ್ದು ನೋಡಿ, "ಇಂವ ಹೋಡ್ಯಾಗ ಕುಂತ್ರ ಎಡಕ್ಕ ಉರಳತಾನ" ಎಂದು ನನ್ನ ಹೆಂಡತಿಗೆ ಹೇಳಿದರು. ಆಮೇಲೆ ತಲೆಯೆತ್ತಿ, "ಅಯ್ಯ, ಸಾವಕಾರ" ಎಂದು ನಕ್ಕರು. ಬರುವವರ ಚಪ್ಪಲಿ ನೋಡಿ ಯಾರು ಹೇಗೆ ಕೂಡುತ್ತಾರೆ, ಯಾರು ಒಳ್ಳೆಯ ಹುಟ್ಟು ಹಾಕಬಲ್ಲರು ಎಂದು ಹೇಳುವುದು ಅವರಿಗೊಂದು ಆಟವಾಗಿತ್ತು. ನನ್ನ ಹೆಂಡತಿ ದಾರಿಯುದ್ದಕ್ಕೂ ಅವರ ಮಾತನ್ನೇ ಹೇಳಿ ನಗುತ್ತಿದ್ದಳು. ಆ ವಾರ ನನಗೆ ಊಟ ಸೇರಲಿಲ್ಲ.

ಮುಂದಿನ ಮಂಗಳವಾರ ಒಬ್ಬನೇ ಹೋದೆ. ಜನ ಕಡಿಮೆಯಿತ್ತು. ಕಟ್ಟೆಯ ಮೇಲೆ ಅವರ ಪಕ್ಕ ಕೂತು ನೇರವಾಗಿ ಹೇಳಿದೆ.

"ಕಾಕಾ, ಬೀರಪ್ಪನ ಹೋಡಿ ಬಟ್ಟಿ ನಾ ಮೂರ ಸಲ ತೊಳದಿರಲಿಲ್ರಿ. ಒಂದ ಸಲ ತೊಳದಿದ್ನಿ. ನಿಮಗ ಸುಳ್ಳ ಹೇಳಿದ್ನಿ."

ಯಾರೋ ಮುದುಕಿ ಬಂದು ಬಿಲ್ಲೆ ಕೊಟ್ಟಳು. ಅವಳ ಚಪ್ಪಲಿ ಹುಡುಕಿ ಕೊಟ್ಟರು. ಅವಳು ಹೋದ ಮೇಲೆ ಕೇಳಿದರು.

"ಅಂದ್ರ ಎಣ್ಣಿ ಬಣ್ಣದ್ದಲ್ಲ?"

"ಅಲ್ರಿ."

"ನನ್ನ ಕೈದಲ್ಲ?"

"ಅಲ್ರಿ ಕಾಕಾ. ನಿಮ್ಮ ಕೈದಲ್ಲ."

ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಎದ್ದು ಬಂದುಬಿಡುತ್ತಿದ್ದೆನೋ ಏನೋ. ಅವರು ಬಲಗೈಯನ್ನು ಮುಷ್ಟಿ ಕಟ್ಟಲು ನೋಡಿದರು. ಬೆರಳುಗಳು ಅರ್ಧಕ್ಕೆ ನಿಂತವು. ಸಂಧಿವಾತ ಹಿಡಿದಿತ್ತು. ಹೋಗಲಿ ಕಾಕಾ, ಈಗ ಬರ್ರಿ, ಕಟ್ಟಿಗೆ ತರಿಸುತ್ತೇನೆ, ಬಟ್ಟೆ ತೊಳೆಯುತ್ತೇನೆ, ಮತ್ತೊಂದು ಮಾಡೋಣ ಎಂದು ನಾನು ಏನೇನೋ ಬಡಬಡಿಸಿದೆ.

"ಅವತ್ತ ಕೆಟ್ಟಿರಲಿಲ್ಲ ಅಂತಿ. ಇವತ್ತ ಕೆಟ್ಟೈತಿ, ನೋಡು. ಉಳಿ ಹಿಡಿಯಾಕ ಬರೂದಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ಕೈಯ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ ಮತ್ತೆ ಕೇಳಿದರು.

"ಬೀರಪ್ಪಗ ಹೇಳಿದೇನು?"

"ಇಲ್ರಿ."

"ಅವಗ ಹೇಳು. ನಂದ ಮುಗದ ಹೋದ ಮಾತು. ಅಂವ ಇನ್ನ ಸಣ್ಣಾಂವ ಅದಾನ, ಭಾಳ ದಿನ ಬಾಳಬೇಕು. ಹೇಳತಿಯಲ್ಲ?"

ಹೇಳುತ್ತೇನೆ ಎಂದೆ. ಈ ಸಲವೂ ಅವರು ನಂಬಿದರು.

ಸಲಗರ ಬುದ್ರುಕಕ್ಕೆ ಹೋಗುವುದು ಏನೂ ದೊಡ್ಡ ಮಾತಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಿರುಗಿ ಬರಬಹುದು. ಮದುವೆಯ ಸೀಜನ್ನು, ಅಪ್ಪನ ಕಾಯಿಲೆ, ಹೆಂಡತಿಯ ಬಾಣಂತನ ಎಂದು ಒಂದು ವರ್ಷ ಕಳೆದೆ. ಆ ವರ್ಷದಲ್ಲಿ ಬೀರಪ್ಪ ಉಣ್ಣೆ ಮಾರಲು ಸೊಲ್ಲಾಪುರಕ್ಕೆ ಬಂದವನು ಎರಡು ಸಲ ನಮ್ಮ ಅಂಗಡಿಗೂ ಬಂದ. ಚಹಾ ತರಿಸಿದೆ. ಅವನ ಕುರಿ, ನನ್ನ ಕೂಸು, ಮಳೆ, ಇವೇ ಮಾತಾಡಿದೆವು.

ಕಾಕಾ ತೀರಿಕೊಂಡ ಸುದ್ದಿಯನ್ನು ಅವರ ಮಗಳು ಇಬ್ಬರಿಗೂ ಮುಟ್ಟಿಸಿದ್ದಳು. ಮಣ್ಣು ಮುಗಿಸಿ ಬೀರಪ್ಪನೂ ನಾನೂ ಒಂದೇ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ತಿರುಗಿದೆವು. ಒಂದು ತಾಸಿನ ಹಾದಿ. ಪಕ್ಕಪಕ್ಕದಲ್ಲಿ ಕೂತಿದ್ದೆವು. ಇವತ್ತು ಹೇಳಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬೀರಪ್ಪನೇ ಮಾತು ತೆಗೆದ. ಹೆಗಲ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದ.

"ಒಂದ ಮಾತ ಯಾರ ಮುಂದೂ ಹೇಳಿಲ್ಲ. ಮೊಣಕಾಲ ಬಟ್ಟಿಗಿ ಒತ್ತಿ ಕೂಡಬ್ಯಾಡ ಅಂತ ಕಾಕಾ ದಿನಾ ಹೇಳತಿದ್ರು. ಅವತ್ತ ಗೆಲ್ಲೂ ಭರದಾಗ ನಾ ಒತ್ತಿ ಕುಂತಿದ್ನಿ. ಹೋಡಿ ಒಡದಿದ್ದು ನನ್ನಿಂದ. ಕಾಕಾ ಅದನ್ನ ತಮ್ಮ ಮ್ಯಾಲ ಹಾಕ್ಕೊಂಡ್ರು, ಕೆಲಸಾನ ಬಿಟ್ರು. ಅವರ ಕಾಲ ಹಿಡದ ಹೇಳಬೇಕಂತ ಎಷ್ಟ ಸಲ ಹೊಂಟಿದ್ನಿ. ಧೈರ್ಯ ಆಗಲಿಲ್ಲ. ಈಗ ಯಾರಿಗಿ ಹೇಳ್ಲಿ?"

ಅಷ್ಟು ದೊಡ್ಡ ಗಂಡಸು ಬಸ್ಸಿನಲ್ಲಿ ಎಲ್ಲರ ನಡುವೆ ಅಳುತ್ತಿದ್ದ. ಅವನು ಮಾಡದ ತಪ್ಪಿಗೆ, ನನ್ನ ಪಕ್ಕದಲ್ಲಿ ಕೂತು. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಅದೆಲ್ಲ ಬಿಡಪ್ಪಾ ಇನ್ನು, ಆದದ್ದಾಗಿ ಹೋಯಿತು ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಸೊಲ್ಲಾಪುರ ಬಂತು. ಅವನು ಕಣ್ಣೊರೆಸಿಕೊಂಡು ಮಂಗಳವೇಢೆಯ ಬಸ್ಸು ಹಿಡಿದ.

ಇದನ್ನು ಬರೆಯಲು ನನಗೆ ಎರಡು ವಾರ ಹಿಡಿಯಿತು. ಬರೆದು ಮುಗಿಸಿದಾಗ ಎದೆಯ ಭಾರ ಒಂದಿಷ್ಟು ಇಳಿದ ಹಾಗಾಯಿತು. ಕಾಕಾ ಹೇಳಿದ ಕೆಲಸ ಮಾಡಿದೆ, ಅಚ್ಚಾದ ಮೇಲೆ ಸಲಗರಕ್ಕೊಂದು ಪ್ರತಿ ಕಳಿಸಿದರಾಯಿತು ಎಂದುಕೊಂಡೆ. ಬೀರಪ್ಪನ ಮನೆಮಾತು ಕನ್ನಡವೇ, ಆದರೆ ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಒಂದಕ್ಷರ ಅವನಿಗೆ ಓದಲು ಬರುವುದಿಲ್ಲ. ಮರಾಠಿ ಬರೆಯಲು ನನಗೆ ಚೆನ್ನಾಗಿ ಬರುತ್ತದೆ, ಅಂಗಡಿಯ ಕಾಗದಪತ್ರವೆಲ್ಲ ಅದರಲ್ಲೇ. ಬರೆಯಲು ಕೂಡುವ ಮೊದಲೇ ನನಗೆ ಇದೆಲ್ಲ ಗೊತ್ತಿತ್ತು.